ಮೂಳೆ ಟೊಳ್ಳು, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಜೊತೆಗೆ ಥೈರಾಯ್ಡ್: ನಾಲ್ಕು ಡಾಕ್ಟರು, ನಾಲ್ಕು ಮಾತು. ಯಾವುದು ಮೊದಲು?

ತುಂಗಾತೀರ (ಪ್ರಶ್ನೆ)

ಚಿಕ್ಕಮ್ಮನ ವರದಿಗಳನ್ನು ಇಲ್ಲಿ ಬರೆದಿದ್ದೇನೆ. ವಿಷಯ ಬಲ್ಲವರು ದಯವಿಟ್ಟು ನೋಡಿ.

ವಯಸ್ಸು 58, ತೂಕ 52 ಕೆಜಿ. ಮುಟ್ಟು ನಿಂತದ್ದು 51ಕ್ಕೆ. ಗರ್ಭಕೋಶ ಇದೆ. ಮೈ ಬಿಸಿಯೇರುವುದು, ರಾತ್ರಿ ಬೆವರುವುದು ಇನ್ನೂ ನಿಂತಿಲ್ಲ. ಬಿಪಿ ಮಾತ್ರೆ ಇದೆ, ಸಕ್ಕರೆ ಇಲ್ಲ. ಥೈರಾಯ್ಡ್ ಕಡಿಮೆ ಎಂದು ಹನ್ನೆರಡು ವರ್ಷದಿಂದ ಥೈರಾಕ್ಸಿನ್, ಈಗ ದಿನಕ್ಕೆ 125 ಮೈಕ್ರೊಗ್ರಾಂ. ಥೈರಾಯ್ಡ್ ಆಪರೇಷನ್ ಆಗಿಲ್ಲ, ಕ್ಯಾನ್ಸರ್ ಅಲ್ಲ.

ಡೆಕ್ಸಾ (ಮೂಳೆ ಸಾಂದ್ರತೆಯ) ಸ್ಕ್ಯಾನಿನ ಟಿ-ಸ್ಕೋರ್ (ಹರೆಯದವರ ಮೂಳೆಗೆ ಹೋಲಿಸಿದ ಅಂಕ, −2.5 ಅಥವಾ ಕೆಳಗೆ ಬಂದರೆ ಮೂಳೆ ಟೊಳ್ಳು): ಎಲ್1 −2.9, ಎಲ್2 −2.8, ಎಲ್3 −1.2, ಎಲ್4 −2.6, ಒಟ್ಟು ಸೊಂಟದ ಬೆನ್ನುಮೂಳೆ −2.4. ತೊಡೆಮೂಳೆಯ ಕುತ್ತಿಗೆ −2.7.

ರಕ್ತ: ಕ್ಯಾಲ್ಸಿಯಂ 10.8 (ಲ್ಯಾಬಿನ ಮೇಲ್ಮಿತಿ 10.2), ಆಲ್ಬುಮಿನ್ 3.6, ಪಿಟಿಎಚ್ ಅಂದರೆ ಪ್ಯಾರಾಥೈರಾಯ್ಡ್ ಹಾರ್ಮೋನು 92 (ಮೇಲ್ಮಿತಿ 65), ವಿಟಮಿನ್ ಡಿ 13, ಟಿಎಸ್‌ಎಚ್ (ಥೈರಾಕ್ಸಿನ್ ಹೆಚ್ಚಾದರೆ ಇಳಿಯುವ ಹಾರ್ಮೋನು) 0.06, ಇಜಿಎಫ್‌ಆರ್ (ಮೂತ್ರಪಿಂಡ ಸೋಸುವ ಶಕ್ತಿಯ ಅಳತೆ) 71. ಹೊಟ್ಟೆ ಸ್ಕ್ಯಾನಿನಲ್ಲಿ ಎಡ ಮೂತ್ರಪಿಂಡದಲ್ಲಿ 5 ಮಿ.ಮೀ. ಕಲ್ಲು.

ಮೂಳೆ ಡಾಕ್ಟರು: ಮೂಳೆ ಕರಗುವುದನ್ನು ತಡೆಯುವ ಡೆನೊಸುಮ್ಯಾಬ್ 60 ಮಿ.ಗ್ರಾಂ ಇಂಜೆಕ್ಷನ್ ಈ ವಾರವೇ, ಜೊತೆಗೆ ಕ್ಯಾಲ್ಸಿಯಂ 500 ದಿನಕ್ಕೆರಡು, ವಿಟಮಿನ್ ಡಿ 60,000 ವಾರಕ್ಕೊಂದು. ಸ್ತ್ರೀರೋಗ ತಜ್ಞೆ: ಈಸ್ಟ್ರೊಜೆನ್ ಕೊಟ್ಟರೆ ಬಿಸಿಯೇರುವುದೂ ನಿಲ್ಲುತ್ತದೆ, ಮೂಳೆಯೂ ಉಳಿಯುತ್ತದೆ. ಹಾರ್ಮೋನು ತಜ್ಞರು: ಈಗ ಇಂಜೆಕ್ಷನ್ನೂ ಬೇಡ, ಕ್ಯಾಲ್ಸಿಯಂ ಮಾತ್ರೆಯೂ ಬೇಡ, ಪ್ಯಾರಾಥೈರಾಯ್ಡ್ ಗ್ರಂಥಿ (ಕುತ್ತಿಗೆಯಲ್ಲಿದ್ದು ಕ್ಯಾಲ್ಸಿಯಂ ಹಿಡಿತದಲ್ಲಿಡುವುದು) ನೋಡಬೇಕು, ಥೈರಾಕ್ಸಿನ್ ಇಳಿಸಬೇಕು. ಹಲ್ಲಿನ ಡಾಕ್ಟರು: ಎರಡು ದವಡೆ ಹಲ್ಲು ಕೀಳಬೇಕು, ಇಂಜೆಕ್ಷನ್ ಹಾಕಿಸಿಕೊಂಡು ಬಂದರೆ ನಾನು ಮುಟ್ಟುವುದಿಲ್ಲ.

ಇವರಲ್ಲಿ ಯಾರ ಮಾತು ಹಿಡಿಯುವುದು?

ಎಲುಬುಗೂಡು

ನಾಲ್ಕೂ ಜನ ತಮ್ಮ ತಮ್ಮ ಜಾಗದಲ್ಲಿ ನಿಂತು ಸರಿಯಾಗಿಯೇ ಹೇಳಿದ್ದಾರೆ. ತಕರಾರು ಇರುವುದು ಸರದಿಯಲ್ಲಿ. ಈ ವರದಿಯಲ್ಲಿ ಮೊದಲು ಕೈ ಹಾಕಬೇಕಾದದ್ದು ಟಿ-ಸ್ಕೋರಿಗಲ್ಲ, ಕ್ಯಾಲ್ಸಿಯಂಗೆ.

ರಕ್ತದ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಸುಮಾರು 40 ಪಾಲು ಪ್ರೋಟೀನಿಗೆ, ಮುಖ್ಯವಾಗಿ ಆಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಆಲ್ಬುಮಿನ್ ಕಡಿಮೆ ಇದ್ದರೆ ವರದಿಯ ಅಂಕಿ ನಿಜಕ್ಕಿಂತ ಕಡಿಮೆ ಬರುತ್ತದೆ. ಲೆಕ್ಕ ಹೀಗೆ: 4.0ರಿಂದ 3.6 ಕಳೆದರೆ 0.4, ಅದನ್ನು 0.8ರಿಂದ ಗುಣಿಸಿದರೆ 0.32, ಅದನ್ನು 10.8ಕ್ಕೆ ಕೂಡಿಸಿದರೆ 11.1. ಅಂದರೆ ವರದಿಯಲ್ಲಿ "ಸ್ವಲ್ಪ ಜಾಸ್ತಿ" ಅನ್ನಿಸುವುದು ಅಷ್ಟು ಸ್ವಲ್ಪವೇನಲ್ಲ.

ಇನ್ನು ಪಿಟಿಎಚ್. ವಿಟಮಿನ್ ಡಿ ಕಡಿಮೆ ಇದ್ದಾಗ ಪಿಟಿಎಚ್ ಏರುವುದು ಸಹಜ. ನಮ್ಮ ಕಡೆ ಬಹಳ ಜನರಲ್ಲಿ ಹಾಗೇ ಇರುತ್ತದೆ. ಆದರೆ ಆಗ ಕ್ಯಾಲ್ಸಿಯಂ ಕಡಿಮೆ ಅಥವಾ ನಾರ್ಮಲ್ ಇರುತ್ತದೆ, ಜಾಸ್ತಿ ಆಗುವುದಿಲ್ಲ. ಕ್ಯಾಲ್ಸಿಯಂ ಏರಿದಾಗ ಆರೋಗ್ಯವಂತ ಪ್ಯಾರಾಥೈರಾಯ್ಡ್ ಸುಮ್ಮನಾಗಿ ಪಿಟಿಎಚ್ ಇಳಿಯಬೇಕು. ಎರಡೂ ಒಟ್ಟಿಗೆ ಏರಿದ್ದರೆ ಗ್ರಂಥಿಯೇ ಹಿಡಿತ ತಪ್ಪಿದೆ ಎಂಬ ಅನುಮಾನ: ಪ್ರೈಮರಿ ಹೈಪರ್‌ಪ್ಯಾರಾಥೈರಾಯ್ಡಿಸಂ. ಹತ್ತರಲ್ಲಿ ಎಂಟು ಪ್ರಕರಣಗಳಲ್ಲಿ ನಾಲ್ಕು ಗ್ರಂಥಿಗಳ ಪೈಕಿ ಒಂದೇ ಒಂದು ಊದಿ ಗಡ್ಡೆಯಾಗಿರುತ್ತದೆ. ಅದು ಮೂಳೆಯಿಂದ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತದೆ, ರಕ್ತದ್ದು ಮೂತ್ರಕ್ಕೆ ಹೋಗಿ ಕಲ್ಲಾಗುತ್ತದೆ. ಮೂಳೆ ಟೊಳ್ಳು, ಕಲ್ಲು, ಕ್ಯಾಲ್ಸಿಯಂ: ಮೂರು ಕಾಯಿಲೆ ಎಂದುಕೊಂಡದ್ದು ಒಂದೇ ಬೇರಿನದ್ದಾಗಿರಬಹುದು.

ರೋಗ ಖಚಿತವಾದರೆ ಗಡ್ಡೆ ತೆಗೆಸುವುದೇ ಮೂಳೆಗೆ ಮೊದಲ ಔಷಧ. ಟಿ-ಸ್ಕೋರ್ −2.5 ಅಥವಾ ಅದಕ್ಕಿಂತ ಕೆಳಗೆ, ಮೂತ್ರಪಿಂಡದ ಕಲ್ಲು, ಬೆನ್ನುಮೂಳೆ ಮುರಿತ, ಇಜಿಎಫ್‌ಆರ್ 60ಕ್ಕಿಂತ ಕಡಿಮೆ, ವಯಸ್ಸು 50ಕ್ಕಿಂತ ಕಡಿಮೆ, ಕ್ಯಾಲ್ಸಿಯಂ ಮೇಲ್ಮಿತಿಗಿಂತ 1 ಮಿ.ಗ್ರಾಂಗೂ ಹೆಚ್ಚು: ಇವುಗಳಲ್ಲಿ ಒಂದಿದ್ದರೂ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ನಿಮ್ಮ ಚಿಕ್ಕಮ್ಮನಿಗೆ ಈಗಾಗಲೇ ಎರಡಿವೆ.

ಹಾಗಾಗಿ ಈ ವಾರವೇ ಡೆನೊಸುಮ್ಯಾಬ್ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಔಷಧ ಕೆಟ್ಟದ್ದೆಂದಲ್ಲ. ಅದು ಕ್ಯಾಲ್ಸಿಯಂ ಇಳಿಸಿ ಪಿಟಿಎಚ್ ಏರಿಸುತ್ತದೆ. ಒಮ್ಮೆ ಚುಚ್ಚಿದರೆ ಮುಂದಿನ ತಿಂಗಳುಗಳ ರಕ್ತಪರೀಕ್ಷೆ ಓದುವುದೇ ಕಷ್ಟ. ಟೆರಿಪ್ಯಾರಟೈಡ್ ದಿನದ ಇಂಜೆಕ್ಷನ್ ಬಗ್ಗೆ ಯಾರಾದರೂ ಹೇಳಿದರೆ ಅದಂತೂ ಈಗ ಕೊಡಲೇಬಾರದು. ಅದೇ ಪಿಟಿಎಚ್‌ನ ತುಂಡು, ಕ್ಯಾಲ್ಸಿಯಂ ಇನ್ನೂ ಏರುತ್ತದೆ.

ಇನ್ನೊಂದು ಮಾತು. ನಮ್ಮಲ್ಲಿ "ಮೂಳೆ ಸವೆತ" ಎಂಬ ಒಂದೇ ಪದ ಎರಡು ಕಾಯಿಲೆಗೆ ಓಡುತ್ತದೆ. ಮಂಡಿ ಸವೆದರೆ ಅದು ಕೀಲಿನ ಸಂಧಿವಾತ, ನೋವು ಇರುತ್ತದೆ. ಮೂಳೆ ಟೊಳ್ಳಾದರೆ ಮುರಿಯುವವರೆಗೆ ನೋವೇ ಇರುವುದಿಲ್ಲ. ಮಂಡಿನೋವಿಗೆ ಕೊಟ್ಟ ಮಾತ್ರೆಯನ್ನು ಟೊಳ್ಳುಮೂಳೆಗೆ ಕೊಟ್ಟದ್ದು ಎಂದುಕೊಂಡು ನುಂಗುವವರು ಬಹಳ ಜನ. ಚಿಕ್ಕಮ್ಮ ಮಂಡಿಗೆ ಲೇಬಲ್ ಇಲ್ಲದ ಪುಡಿ ಏನಾದರೂ ತಗೊಳ್ಳುತ್ತಿದ್ದಾರಾ ಕೇಳಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು, ಅದು ಮೂಳೆಯನ್ನು ಒಳಗಿನಿಂದಲೇ ತಿನ್ನುತ್ತದೆ.

ಲ್ಯಾಬ್‌ಮೇಜು

ಮೇಲಿನವರು ಹೇಳಿದ್ದಕ್ಕೆ ಒಪ್ಪಿಗೆ. ಆದರೆ ಈ ಅಂಕಿಗಳನ್ನು ನಂಬುವ ಮೊದಲು ಎರಡು ಪ್ರಶ್ನೆ.

ಒಂದು, ಬಿಪಿ ಮಾತ್ರೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಹೆಸರಿನ ಕೊನೆಗೆ "ಎಚ್" ಇದ್ದರೆ ಸಾಮಾನ್ಯವಾಗಿ ಹೈಡ್ರೋಕ್ಲೋರೊಥಯಜೈಡ್ (ಥಯಜೈಡ್ ಜಾತಿಯ, ಮೂತ್ರ ಹೆಚ್ಚಿಸುವ ಔಷಧ) 12.5 ಮಿ.ಗ್ರಾಂ ಸೇರಿರುತ್ತದೆ. ಅದು ಮೂತ್ರದಲ್ಲಿ ಹೋಗಬೇಕಾದ ಕ್ಯಾಲ್ಸಿಯಂ ತಡೆಯುತ್ತದೆ, ರಕ್ತದಲ್ಲಿ ಏರಿಸುತ್ತದೆ. ಕ್ಲೋರ್‌ಥಲಿಡೋನ್ ಕೂಡ ಇದೇ ಜಾತಿ. ಮನಸ್ಸಿನ ಕಾಯಿಲೆಗೆ ಲಿಥಿಯಂ ತಗೊಳ್ಳುವವರಲ್ಲಿ ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಏರಬಹುದು.

ಎರಡು, ಕೂದಲು ಉದುರುವುದಕ್ಕೆ ಬಯೋಟಿನ್ ಮಾತ್ರೆ ತಿನ್ನುತ್ತಿದ್ದಾರಾ? ಅಂಗಡಿಯಲ್ಲಿ ಸಿಗುವುದು 5 ಅಥವಾ 10 ಮಿ.ಗ್ರಾಂ. ದಿನಕ್ಕೆ ದೇಹಕ್ಕೆ ಬೇಕಿರುವುದು ಸುಮಾರು 30 ಮೈಕ್ರೊಗ್ರಾಂ. ಬಹಳಷ್ಟು ಲ್ಯಾಬ್ ಯಂತ್ರಗಳು ಬಯೋಟಿನ್ ಅಂಟನ್ನೇ ಬಳಸಿ ಹಾರ್ಮೋನು ಅಳೆಯುತ್ತವೆ. ರಕ್ತದಲ್ಲಿ ಅದೇ ತುಂಬಿದ್ದರೆ ಅಂಥ ಯಂತ್ರದಲ್ಲಿ ಟಿಎಸ್‌ಎಚ್ ಮತ್ತು ಪಿಟಿಎಚ್ ಸುಳ್ಳಾಗಿ ಕಡಿಮೆ, ಫ್ರೀ ಟಿ4 (ಥೈರಾಯ್ಡ್ ಹಾರ್ಮೋನು) ಮತ್ತು ವಿಟಮಿನ್ ಡಿ ಸುಳ್ಳಾಗಿ ಜಾಸ್ತಿ ಬರಬಹುದು.

ತುಂಗಾತೀರ

ಸ್ಟ್ರಿಪ್ ತೆಗೆದು ನೋಡಿದೆ. ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೊಥಯಜೈಡ್ 12.5. ಬಯೋಟಿನ್ 10 ಮಿ.ಗ್ರಾಂ ದಿನವೂ ಇದೆ, ಆದರೆ ಅದನ್ನು ಯಾವ ಡಾಕ್ಟರಿಗೂ ಹೇಳಿಲ್ಲ. "ಕೂದಲಿನ ಮಾತ್ರೆ ಅಲ್ವಾ" ಅಂದರು. ಪುಡಿ ಏನೂ ಇಲ್ಲ. ಹಾಗಾದರೆ ಎಲ್ಲ ವರದಿಯೂ ತಪ್ಪೇ?

ಲ್ಯಾಬ್‌ಮೇಜು

ಎಲ್ಲವೂ ಅಲ್ಲ. ಕ್ಯಾಲ್ಸಿಯಂ ಪರೀಕ್ಷೆಗೆ ಬಯೋಟಿನ್ ಅಡ್ಡ ಬರುವುದಿಲ್ಲ. ಪಿಟಿಎಚ್ ಮೇಲೆ ಅದರ ಪ್ರಭಾವ ಇದ್ದರೂ ಅದು ಕೆಳಕ್ಕೆ ಎಳೆಯುವ ಪ್ರಭಾವ. ಹಾಗಿದ್ದೂ 92 ಬಂದಿದೆ ಎಂದರೆ ನಿಜವಾದದ್ದು ಅಷ್ಟೇ ಇರಬಹುದು, ಇಲ್ಲವೇ ಇನ್ನೂ ಹೆಚ್ಚು. ಅನುಮಾನ ಬರುವುದು ಟಿಎಸ್‌ಎಚ್ 0.06ರ ಮೇಲೆ. ಅದನ್ನು ಮತ್ತೆ ಮಾಡಿಸದೆ ಥೈರಾಕ್ಸಿನ್ ಇಳಿಸಬೇಡಿ.

ಕ್ರಮ ಹೀಗಿರಲಿ. ಬಯೋಟಿನ್ ಇವತ್ತೇ ನಿಲ್ಲಿಸಿ. ಎರಡು ಮೂರು ದಿನ ಸಾಕು ಅನ್ನುತ್ತಾರೆ, 10 ಮಿ.ಗ್ರಾಂ ತಿನ್ನುವವರು ಒಂದು ವಾರ ಬಿಟ್ಟರೆ ನಿಶ್ಚಿಂತೆ. ಬಿಪಿ ಮಾತ್ರೆಯನ್ನು ಮಾತ್ರ ನೀವೇ ನಿಲ್ಲಿಸಬೇಡಿ. ಬರೆದುಕೊಟ್ಟ ಡಾಕ್ಟರಿಗೆ "ಕ್ಯಾಲ್ಸಿಯಂ ಜಾಸ್ತಿ ಬಂದಿದೆ, ಥಯಜೈಡ್ ಇಲ್ಲದ ಮಾತ್ರೆ ಕೊಡಬಹುದೇ" ಎಂದು ಕೇಳಿ. ಬರೀ ಟೆಲ್ಮಿಸಾರ್ಟನ್ ಅಥವಾ ಆಮ್ಲೊಡಿಪಿನ್ ಜೊತೆಗಿನದ್ದು ಸುಲಭವಾಗಿ ಸಿಗುತ್ತದೆ. ಬದಲಿಸಿ ಕೆಲವು ವಾರ ಕಳೆದ ಮೇಲೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದೇ ಸಲ ಸೂಜಿ ಚುಚ್ಚಿ ಇವಿಷ್ಟನ್ನೂ ಕೊಡಿ: ಕ್ಯಾಲ್ಸಿಯಂ, ಆಲ್ಬುಮಿನ್, ರಂಜಕ, ಕ್ರಿಯಾಟಿನಿನ್, ಆಲ್ಕಲೈನ್ ಫಾಸ್ಫಟೇಸ್, ಪಿಟಿಎಚ್, ವಿಟಮಿನ್ ಡಿ, ಟಿಎಸ್‌ಎಚ್, ಫ್ರೀ ಟಿ4. ಕ್ಯಾಲ್ಸಿಯಂ ಒಂದು ದಿನ, ಪಿಟಿಎಚ್ ಇನ್ನೊಂದು ದಿನ ಕೊಟ್ಟರೆ ಎರಡನ್ನೂ ಹೊಂದಿಸಿ ಓದಲು ಬರುವುದಿಲ್ಲ. ತೋಳಿಗೆ ಪಟ್ಟಿ ಬಿಗಿದು ಬಹಳ ಹೊತ್ತು ಬಿಟ್ಟರೂ ಕ್ಯಾಲ್ಸಿಯಂ ಸುಳ್ಳಾಗಿ ಏರುತ್ತದೆ. ನರ ಸಿಗದೆ ತಡಕಾಡಿದರೆ ಪಟ್ಟಿ ಬಿಚ್ಚಿಸಿ, ಇನ್ನೊಂದು ಕೈ ಕೊಡಿ. ಥೈರಾಕ್ಸಿನನ್ನು ಅವತ್ತು ರಕ್ತ ಕೊಟ್ಟ ಮೇಲೆ ತಗೊಳ್ಳಲಿ.

ಕ್ಯಾಲ್ಸಿಯಂ ಇಳಿದರೆ ಥಯಜೈಡ್‌ದೇ ಕೆಲಸ. ಇಳಿಯದಿದ್ದರೆ ಗ್ರಂಥಿಯದ್ದು. ಬಹಳ ಸಲ ಥಯಜೈಡ್ ಬರೀ ಪರದೆ ಸರಿಸಿ ತೋರಿಸಿರುತ್ತದೆ ಅಷ್ಟೆ, ಒಳಗೆ ಗಡ್ಡೆ ಮೊದಲೇ ಇರುತ್ತದೆ.

ಬಯಲುಸೀಮೆ

ಎಲ್ಲರೂ ರಕ್ತದಲ್ಲೇ ಮುಳುಗಿದ್ದೀರಿ. ಡೆಕ್ಸಾ ಹಾಳೆಯಲ್ಲಿ ಎಲ್3 ಯಾರೂ ನೋಡಲಿಲ್ಲ.

ಅಕ್ಕಪಕ್ಕದವು −2.8, −2.6 ಇರುವಾಗ ನಡುವಿನದೊಂದು ಮಾತ್ರ −1.2 ಹೇಗಾಗುತ್ತದೆ? ಪಕ್ಕದ ಮೂಳೆಗಿಂತ 1 ಅಂಕಕ್ಕೂ ಹೆಚ್ಚು ವ್ಯತ್ಯಾಸವಿದ್ದರೆ ಆ ಮೂಳೆಯನ್ನು ಲೆಕ್ಕದಿಂದ ಬಿಡಬೇಕು. ಅಲ್ಲಿ ಒಂದೋ ಎಲುಬಿನ ಮುಳ್ಳು ಬೆಳೆದಿದೆ, ಇಲ್ಲವೇ ಮೂಳೆ ಕುಸಿದು ಚಪ್ಪಟೆಯಾಗಿದೆ. ಕುಸಿದ ಮೂಳೆಯಲ್ಲಿ ಅದೇ ಖನಿಜ ಚಿಕ್ಕ ಜಾಗಕ್ಕೆ ಒತ್ತಿಕೊಂಡು ಯಂತ್ರಕ್ಕೆ ಗಟ್ಟಿಯಾಗಿ ಕಾಣುತ್ತದೆ. ಅತ್ಯಂತ ದುರ್ಬಲ ಮೂಳೆಗೆ ಅತಿ ಒಳ್ಳೆಯ ಅಂಕ! ಎಲ್3 ಬಿಟ್ಟರೆ ಬೆನ್ನುಮೂಳೆ −2.4 ಅಲ್ಲ, −2.8ರ ಆಸುಪಾಸು.

ಮಗ್ಗುಲಿನಿಂದ ತೆಗೆದ ಬೆನ್ನಿನ ಎಕ್ಸ್‌ರೇ ನಾಳೆಯೇ ಮಾಡಿಸಿ, ಎದೆಯ ಮಟ್ಟದ್ದೂ ಸೊಂಟದ್ದೂ. ಖರ್ಚೂ ಕಡಿಮೆ. ಹರೆಯದ ಎತ್ತರಕ್ಕಿಂತ 4 ಸೆಂ.ಮೀ. ಇಳಿದಿದ್ದಾರಾ ಗೋಡೆಗೆ ನಿಲ್ಲಿಸಿ ಅಳೆಯಿರಿ. ಜೊತೆಗೆ ಡೆಕ್ಸಾ ಮಾಡಿದಲ್ಲೇ ಮುಂಗೈ ಸ್ಕ್ಯಾನ್ ಕೇಳಿ. ಪ್ಯಾರಾಥೈರಾಯ್ಡ್ ಕಾಯಿಲೆ ಮೂಳೆಯ ಹೊರಗಿನ ಗಟ್ಟಿ ಚಿಪ್ಪನ್ನು ಮೊದಲು ತಿನ್ನುತ್ತದೆ, ಮುಂಗೈಯಲ್ಲಿ ಅದೇ ಹೆಚ್ಚು. ಮುಂದಿನ ಸ್ಕ್ಯಾನುಗಳನ್ನೂ ಅದೇ ಯಂತ್ರದಲ್ಲಿ ಮಾಡಿಸಿ, ಬೇರೆ ಕಂಪನಿಯ ಯಂತ್ರದ ಅಂಕಿಗೆ ಹೋಲಿಸಲು ಬರುವುದಿಲ್ಲ. ಉಚಿತ ಕ್ಯಾಂಪಿನಲ್ಲಿ ಹಿಮ್ಮಡಿಗೆ ಹಚ್ಚಿ ನೋಡುವ ಯಂತ್ರದ ಅಂಕಿಯನ್ನು ಈ ಲೆಕ್ಕಕ್ಕೆ ತರಲೇಬೇಡಿ. −2.5ರ ಗೆರೆ ಅದಕ್ಕೆ ಅನ್ವಯಿಸುವುದಿಲ್ಲ.

ಇಲ್ಲಿ ಎಲುಬುಗೂಡು ಅವರೊಂದಿಗೆ ನನ್ನದು ಸ್ವಲ್ಪ ಭಿನ್ನ ಮಾತು. ಎಲ್3 ನಿಜವಾಗಿ ಕುಸಿದಿದ್ದರೆ ಪರೀಕ್ಷೆ, ಮರುಪರೀಕ್ಷೆ ಎಂದು ಆರು ತಿಂಗಳು ಕಳೆಯುವಂತಿಲ್ಲ. ಒಂದು ಮೂಳೆ ಕುಸಿದವರಿಗೆ ಮುಂದಿನದು ಕುಸಿಯುವ ಅಪಾಯ ಮೊದಲ ಒಂದೆರಡು ವರ್ಷದಲ್ಲೇ ಅತಿ ಹೆಚ್ಚು.

ಓದುತ್ತಿರುವ ಬೇರೆಯವರಿಗೂ ಒಂದು ಮಾತು: ಪಾವಗಡ, ಮುಂಡರಗಿಯಂಥ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದವರ ಡೆಕ್ಸಾ ಬೇರೆಯೇ ರೀತಿ ಮೋಸ ಮಾಡುತ್ತದೆ. ಫ್ಲೋರೈಡ್ ತುಂಬಿದ ಬೆನ್ನುಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಾಣುತ್ತದೆ, ಟಿ-ಸ್ಕೋರ್ ಚೆನ್ನಾಗಿ ಬರುತ್ತದೆ, ಮೂಳೆ ಮಾತ್ರ ಸೀಮೆಸುಣ್ಣದ ಹಾಗೆ ಪೆಡಸು. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರು ಕುಡಿದಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಹೊಂಬಾಳೆ

ಸ್ತ್ರೀರೋಗ ತಜ್ಞೆಯ ಮಾತನ್ನು ಎಲ್ಲರೂ ಬದಿಗಿಟ್ಟಿರಿ. ಅದು ಸರಿಯಲ್ಲ. ಬಿಸಿಯೇರಿ ರಾತ್ರಿ ನಿದ್ದೆ ಕೆಟ್ಟವರ ಕಷ್ಟವೂ ಕಷ್ಟವೇ.

ಈಸ್ಟ್ರೊಜೆನ್ ಎಂದರೆ ಕ್ಯಾನ್ಸರ್ ಎಂಬ ಹೆದರಿಕೆ ಹುಟ್ಟಿದ್ದು 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದರ ಒಂದು ಭಾಗವನ್ನು ಅರ್ಧಕ್ಕೆ ನಿಲ್ಲಿಸಿದಾಗ. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆ ಸ್ವಲ್ಪ ಹೆಚ್ಚಿದ್ದು ನಿಜ. ಸೊಂಟದ ಕೀಲಿನ (ತೊಡೆಮೂಳೆಯ) ಮುರಿತ ಮೂರನೇ ಒಂದು ಭಾಗದಷ್ಟು ಇಳಿದದ್ದೂ ಅದೇ ಅಧ್ಯಯನದಲ್ಲಿ. ಈಗ ನಡೆದು ಬಂದಿರುವ ಪದ್ಧತಿ: ವಯಸ್ಸು 60ರ ಒಳಗೆ, ಮುಟ್ಟು ನಿಂತು 10 ವರ್ಷದ ಒಳಗೆ, ಕಾಟವೂ ಇದ್ದರೆ ಯೋಚಿಸಬಹುದು. 58 ವಯಸ್ಸು, ಮುಟ್ಟು ನಿಂತು 7 ವರ್ಷ. ಬಾಗಿಲು ಇನ್ನೂ ಮುಚ್ಚಿಲ್ಲ, ಬಹಳ ದಿನ ತೆರೆದಿರುವುದೂ ಇಲ್ಲ.

ಆದರೆ ಗರ್ಭಕೋಶ ಇರುವವರಿಗೆ ಬರೀ ಈಸ್ಟ್ರೊಜೆನ್ ಕೊಡಬಾರದು, ಪ್ರೊಜೆಸ್ಟರೋನ್ ಜೊತೆಗಿರಲೇಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ. ಬಿಪಿ ಇರುವವರಿಗೆ ಮಾತ್ರೆಗಿಂತ ಚರ್ಮಕ್ಕೆ ಹಚ್ಚುವ ಜೆಲ್ ವಾಸಿ, ಹೆಪ್ಪುಗಟ್ಟುವ ಅಪಾಯ ಕಡಿಮೆ. ಮೊದಲು ಮ್ಯಾಮೊಗ್ರಾಂ. ಮನೆತನದಲ್ಲಿ ಸ್ತನ ಕ್ಯಾನ್ಸರ್ ಅಥವಾ ಕಾಲಿನ ನರದಲ್ಲಿ ಹೆಪ್ಪು ಇದ್ದರೆ ಹೇಳಿಬಿಡಿ. ಈಸ್ಟ್ರೊಜೆನ್ ಬಾಯಲ್ಲಿ ನುಂಗಿದರೆ ಥೈರಾಕ್ಸಿನ್ ಡೋಸ್ ಏರಿಸಬೇಕಾಗಬಹುದು, ಜೆಲ್ಲಿಗೆ ಆ ತೊಂದರೆ ಇಲ್ಲ. ಅದಕ್ಕೇ ಥೈರಾಯ್ಡ್ ಸರಿಪಡಿಸುವ ಹೊತ್ತಿಗೆ ಮಾತ್ರೆ ಶುರು ಮಾಡಬೇಡಿ, ಎರಡೂ ಲೆಕ್ಕ ಕಲಸಿಹೋಗುತ್ತದೆ.

ನಿಲ್ಲಿಸಿದ ಮೇಲೆ ಮೂಳೆಯ ಲಾಭ ಕರಗುತ್ತದೆ ಎಂಬುದು ನೆನಪಿರಲಿ. −2.7 ಇರುವವರಿಗೆ ಇದೊಂದೇ ಮೂಳೆಯ ಔಷಧವಾಗಿ ಸಾಲದು ಎಂದೇ ನನ್ನ ಅನಿಸಿಕೆ. ಬಿಸಿಯೇರುವುದಕ್ಕೆ ಕೊಡಲಿ, ಮೂಳೆಗೆ ಆಗುವುದು ಕೂಡಿಬಂದ ಲಾಭ. ಟೊಳ್ಳುಮೂಳೆಗೆ ಕೊಡುವ ರಾಲಾಕ್ಸಿಫೀನ್ ಮಾತ್ರೆಯ ಹೆಸರು ಬಂದರೆ ಮಾತ್ರ ಬೇಡವೆನ್ನಿ: ಬಿಸಿಯೇರುವುದನ್ನು ಅದು ಹೆಚ್ಚಿಸುತ್ತದೆ, ಸೊಂಟದ ಮುರಿತಕ್ಕೆ ರಕ್ಷಣೆಯೂ ಇಲ್ಲ.

ಎಲುಬುಗೂಡು

ಬಯಲುಸೀಮೆ ಹೇಳಿದ ಎಲ್3 ನನ್ನ ಕಣ್ಣಿಗೆ ತಪ್ಪಿತ್ತು, ಅವರದು ಸರಿ. ಎಕ್ಸ್‌ರೇಯೇ ವೇಗ ನಿರ್ಧರಿಸಲಿ. ಕುಸಿತ ಇಲ್ಲದಿದ್ದರೆ ಎರಡು ಮೂರು ತಿಂಗಳು ತನಿಖೆಗೆ ಸಿಗುತ್ತದೆ. ಇದ್ದರೆ ಪ್ಯಾರಾಥೈರಾಯ್ಡ್ ಸರ್ಜನ್ನನ್ನು ಬೇಗ ನೋಡಿ. ಕುತ್ತಿಗೆಯ ಅಲ್ಟ್ರಾಸೌಂಡ್, ಸೆಸ್ಟಮಿಬಿ ಸ್ಕ್ಯಾನ್ ಇರುವುದು ಗಡ್ಡೆ ಎಲ್ಲಿದೆ ಎಂದು ಸರ್ಜನ್ನಿಗೆ ತೋರಿಸಲು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ. ಇಲ್ಲೇ ಬಹಳ ಜನರನ್ನು "ಏನೂ ಇಲ್ಲ" ಎಂದು ಮನೆಗೆ ಕಳಿಸಿಬಿಡುತ್ತಾರೆ.

ಥೈರಾಕ್ಸಿನ್: ಪೂರ್ತಿ ಬದಲಿ ಡೋಸ್ ಕೆಜಿಗೆ 1.6 ಮೈಕ್ರೊಗ್ರಾಂ, 52 ಕೆಜಿಗೆ 83 ಆಗುತ್ತದೆ. 125 ಯಾಕೆ ಬಂತು? ಹಿಂದೆ ಯಾವಾಗಲೋ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಯನ್ನು ಥೈರಾಕ್ಸಿನ್ ಜೊತೆಗೇ ನುಂಗಿರಬಹುದು. ಕ್ಯಾಲ್ಸಿಯಂ ಅದನ್ನು ಕರುಳಿನಲ್ಲೇ ಕಟ್ಟಿಹಾಕುತ್ತದೆ, ಟಿಎಸ್‌ಎಚ್ ಏರುತ್ತದೆ, ಡಾಕ್ಟರು ಡೋಸ್ ಏರಿಸುತ್ತಾರೆ. ಆಮೇಲೆ ಕ್ಯಾಲ್ಸಿಯಂ ನಿಲ್ಲಿಸುತ್ತಾರೆ, ಏರಿಸಿದ ಡೋಸ್ ಹಾಗೇ ಉಳಿದು ಮೂಳೆ ಕರಗುತ್ತದೆ. ಎರಡರ ನಡುವೆ 4 ಗಂಟೆ ಅಂತರ ಬೇಕು. ಬಯೋಟಿನ್ ಬಿಟ್ಟ ಮೇಲೂ ಟಿಎಸ್‌ಎಚ್ 0.1ಕ್ಕಿಂತ ಕೆಳಗಿದ್ದರೆ 25 ಮೈಕ್ರೊಗ್ರಾಂನಷ್ಟು ಇಳಿಸಿ 6ರಿಂದ 8 ವಾರಕ್ಕೆ ಮತ್ತೆ ನೋಡುವುದು ರೂಢಿ.

ವಿಟಮಿನ್ ಡಿ 13 ಅನ್ನು ತುಂಬಲೇಬೇಕು, ಆದರೆ ಕ್ಯಾಲ್ಸಿಯಂ 11 ಇರುವವರಿಗೆ 60,000 ಸ್ಯಾಶೆ ವಾರ ವಾರ ಸುರಿಯುವುದು ಬೇಡ. ದಿನಕ್ಕೆ 1,000 ಯೂನಿಟ್ ಆಸುಪಾಸು, ನಡುನಡುವೆ ಕ್ಯಾಲ್ಸಿಯಂ ಪರೀಕ್ಷೆ. ಕ್ಯಾಲ್ಸಿಯಂ ಮಾತ್ರೆ ಈಗ ಬೇಡ, ಆದರೆ ಹಾಲು, ರಾಗಿ ಬಿಡಬೇಡಿ. ಊಟದ ಕ್ಯಾಲ್ಸಿಯಂ ಕಡಿದರೆ ಪಿಟಿಎಚ್ ಇನ್ನಷ್ಟು ಏರಿ ಮೂಳೆಯಿಂದಲೇ ತೆಗೆಯುತ್ತದೆ. 100 ಗ್ರಾಂ ರಾಗಿಹಿಟ್ಟಿನಲ್ಲಿ 350 ಮಿ.ಗ್ರಾಂ ಹತ್ತಿರ, ಒಂದು ಲೋಟ ಹಾಲಿನಲ್ಲಿ 240 ಮಿ.ಗ್ರಾಂ.

ಶಸ್ತ್ರಚಿಕಿತ್ಸೆ ಆದರೆ ಹಸಿದ ಮೂಳೆ ಕ್ಯಾಲ್ಸಿಯಂ ಹೀರಿಕೊಳ್ಳಲು ಶುರು ಮಾಡುತ್ತದೆ. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಜುಮು ಬಂದರೆ ತಡಮಾಡದೆ ಆಸ್ಪತ್ರೆಗೆ ತಿಳಿಸಿ. ಮುಂದಿನ ಒಂದೆರಡು ವರ್ಷ ಮೂಳೆ ತಾನಾಗಿ ಗಟ್ಟಿಯಾಗುತ್ತದೆ.

ಆಮೇಲೂ ಔಷಧ ಬೇಕಾದರೆ ನಾನು ಮೊದಲು ನೋಡುವುದು ಜೊಲೆಡ್ರೊನಿಕ್ ಆಸಿಡ್, ವರ್ಷಕ್ಕೊಂದು ಡ್ರಿಪ್. 5 ಮಿ.ಗ್ರಾಂ ಬಾಟಲಿಯೇ ಎಂದು ನೋಡಿ, 4 ಮಿ.ಗ್ರಾಂ ಇರುವುದು ಕ್ಯಾನ್ಸರ್ ರೋಗಿಗಳಿಗೆ. ಕನಿಷ್ಠ 15 ನಿಮಿಷ ಹರಿಯಬೇಕು, ಮೊದಲು ಎರಡು ಲೋಟ ನೀರು, ಇಜಿಎಫ್‌ಆರ್ 35ಕ್ಕಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ಮೊದಲ ಸಲ ಮೂರು ದಿನದೊಳಗೆ ಜ್ವರ, ಮೈಕೈ ನೋವು ಬರುವುದುಂಟು, ಪ್ಯಾರಾಸಿಟಮಾಲ್ ಸಾಕು. ವಿಟಮಿನ್ ಡಿ ತುಂಬದೆ ಹಾಕಿಸಿದರೆ ಕ್ಯಾಲ್ಸಿಯಂ ಕುಸಿಯುತ್ತದೆ.

ಡೆನೊಸುಮ್ಯಾಬೇ ಆಗುವುದಾದರೆ ಶುರು ಮಾಡುವ ದಿನವೇ ಕೇಳಿ: "ನಿಲ್ಲಿಸುವಾಗ ಏನು ಕೊಡುತ್ತೀರಿ?" ಅದನ್ನು ಸುಮ್ಮನೆ ನಿಲ್ಲಿಸಿದರೆ ತಡೆದಿಟ್ಟ ಕರಗುವಿಕೆ ಒಮ್ಮೆಗೇ ನುಗ್ಗಿ ಬೆನ್ನಿನ ಹಲವು ಮೂಳೆ ಸಾಲಾಗಿ ಕುಸಿದ ಪ್ರಕರಣಗಳಿವೆ. ಮುಂದಿನ ಡೋಸ್ ಹಿಂದಿನದರಿಂದ 7 ತಿಂಗಳು ದಾಟುವಂತಿಲ್ಲ.

ಹಲ್ಲು: ಈಗಲೇ ಕೀಳಿಸಿ. ಒಸಡು ಮುಚ್ಚಿಕೊಳ್ಳಲು ಮೂರ್ನಾಲ್ಕು ವಾರ ಸಾಕು, ರಕ್ತಪರೀಕ್ಷೆಗೆ ಕಾಯುವ ಸಮಯದಲ್ಲೇ ಅದು ಮುಗಿಯುತ್ತದೆ. ದವಡೆ ಮೂಳೆ ಕೊಳೆಯುವ ತೊಂದರೆ ಹೆಚ್ಚಾಗಿ ಕಂಡದ್ದು ಡೆನೊಸುಮ್ಯಾಬ್ 120 ಮಿ.ಗ್ರಾಂ ತಿಂಗಳು ತಿಂಗಳು ತಗೊಳ್ಳುವ ಕ್ಯಾನ್ಸರ್ ರೋಗಿಗಳಲ್ಲಿ. 6 ತಿಂಗಳಿಗೆ 60ರ ಡೋಸಿನಲ್ಲಿ ಬಹಳ ಅಪರೂಪ.

ತುಂಗಾತೀರ

ನಾಳೆ ಎಕ್ಸ್‌ರೇ, ಹಲ್ಲಿಗೆ ಶನಿವಾರ. ಹಾರ್ಮೋನು ತಜ್ಞರು 24 ಗಂಟೆಯ ಮೂತ್ರವನ್ನೂ ಬರೆದಿದ್ದಾರೆ. ಯಾವಾಗ, ಹೇಗೆ?

ಲ್ಯಾಬ್‌ಮೇಜು

ಥಯಜೈಡ್ ಬಿಟ್ಟು, ವಿಟಮಿನ್ ಡಿ ಸ್ವಲ್ಪ ಏರಿದ ಮೇಲೆ. ಥಯಜೈಡ್, ವಿಟಮಿನ್ ಡಿ ಕೊರತೆ ಎರಡೂ ಮೂತ್ರದ ಕ್ಯಾಲ್ಸಿಯಂ ಅನ್ನು ಸುಳ್ಳಾಗಿ ಇಳಿಸುತ್ತವೆ. ಆಗ ಹುಟ್ಟಿನಿಂದಲೇ ಬರುವ, ಆಪರೇಷನ್ ಬೇಡದ ಇನ್ನೊಂದು ಸ್ಥಿತಿಯ ಹಾಗೆ ಕಾಣುತ್ತದೆ. ಅದನ್ನು ಬೇರ್ಪಡಿಸಲೆಂದೇ ಈ ಪರೀಕ್ಷೆ.

ಬೆಳಗ್ಗೆ 6ಕ್ಕೆ ಎದ್ದ ಮೊದಲ ಮೂತ್ರ ಚೆಲ್ಲಿ, ಗಂಟೆ ಬರೆದಿಡಿ. ಅಲ್ಲಿಂದ ಮುಂದೆ ಪ್ರತಿ ಹನಿಯೂ ಲ್ಯಾಬ್ ಕೊಟ್ಟ ಕ್ಯಾನಿಗೆ, ಮಲವಿಸರ್ಜನೆಗೆ ಹೋದಾಗಿನದೂ ಸೇರಿ. ಮರುದಿನ 6ರ ಮೊದಲ ಮೂತ್ರ ಕ್ಯಾನಿಗೆ ಸೇರಬೇಕು. ಕ್ಯಾನಿನೊಳಗೆ ಆಸಿಡ್ ಹಾಕಿ ಕೊಡುವುದುಂಟು, ನೇರ ಅದರೊಳಗೆ ಕೂರಬೇಡಿ, ಬೇರೆ ಮಗ್ಗಿನಲ್ಲಿ ಹಿಡಿದು ಸುರಿಯಿರಿ. ಒಂದು ಸಲ ತಪ್ಪಿದರೆ ಅಂದಾಜು ಹಾಕದೆ ಇನ್ನೊಂದು ದಿನ ಹೊಸದಾಗಿ ಶುರು ಮಾಡಿ. ಅದೇ ಕ್ಯಾನಿನಲ್ಲಿ ಕ್ರಿಯಾಟಿನಿನ್ ಕೂಡ ಅಳೆಯಲು ಚೀಟಿಯಲ್ಲಿ ಬರೆಸಿ, ಪೂರ್ತಿ ಮೂತ್ರ ಬಂದಿದೆಯೋ ಇಲ್ಲವೋ ಎಂಬುದು ಅದರಿಂದಲೇ ಗೊತ್ತಾಗುವುದು. ಕ್ಯಾನು ಒಪ್ಪಿಸುವ ಬೆಳಗ್ಗೆಯೇ ರಕ್ತದ ಕ್ಯಾಲ್ಸಿಯಂ, ಕ್ರಿಯಾಟಿನಿನ್ ಕೊಟ್ಟುಬಿಡಿ, ಅನುಪಾತ ಹಾಕಲು ನಾಲ್ಕೂ ಅಂಕಿ ಒಂದೇ ದಿನದ್ದು ಬೇಕು.